ಸಿಡಿಲಫಡಿ: ಬಾದಾಮಿಯ ಕಲ್ಲುಕಮಾನು ಮತ್ತು ಅದರ ಕಾಲುದಾರಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ನೆಲವು ಬಹುಮಟ್ಟಿಗೆ ಎರೆಭೂಮಿಯಾಗಿದ್ದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕರಿಕಲ್ಲು, ಎಂದರೆ ಭೂವಿಜ್ಞಾನಿಗಳು ಬಸಾಲ್ಟ್ ಎನ್ನುವ ಶಿಲೆ, ಶಿಥಿಲಗೊಂಡು ತೊಗರಿ ಮತ್ತು ಜೋಳಕ್ಕೆ ಒದಗುವ ಈ ಮಣ್ಣಾಗಿದೆ. ಜೇವರ್ಗಿಯ ಕಡೆಗೆ ಬಂದಂತೆ ಈ ಹೊದಿಕೆ ಅಲ್ಲಲ್ಲಿ ಮುಗಿದು, ಅದಕ್ಕಿಂತ ಬಹಳ ಹಳೆಯದಾದ, ಭೀಮಾ ನದಿಯ ಹೆಸರನ್ನೇ ಪಡೆದಿರುವ ಶಿಲಾವರ್ಗದ ಸುಣ್ಣಕಲ್ಲು ಹೊರಗೆ ಕಾಣಿಸಿಕೊಳ್ಳುತ್ತದೆ. ಇದೇ ವರ್ಗದ ಕಲ್ಲು ನೆರೆಯ ಶಹಾಬಾದದ ಗಣಿಗಳಿಂದ ಫರಸಿಯಾಗಿ ನಾಡಿನ ಮನೆಮನೆಯ ನೆಲಕ್ಕೆ ಹೋಗಿದೆ. ತೆಳ್ಳಗಿನ ಹಾಳೆಗಳಾಗಿ ಬಿಡುವ ಈ ಕಲ್ಲು ಹಾಸುವುದಕ್ಕೆ ಒಳ್ಳೆಯದು. ಆದರೆ ಗಾಳಿ ಮತ್ತು ನೀರಿನ ಹೊಡೆತಕ್ಕೆ ನಡುವೆ ತೂತಾಗಿಯೂ ಮೇಲ್ಭಾಗ ಕುಸಿಯದೆ ನಿಲ್ಲುವ ನೈಸರ್ಗಿಕ ಕಲ್ಲುಕಮಾನು ರೂಪುಗೊಳ್ಳಲು ದಪ್ಪ ಪದರದ ಗಟ್ಟಿ ಶಿಲೆಯೂ ಕಡಿದಾದ ಗುಡ್ಡಗಳೂ ಬೇಕು. ಅವೆರಡೂ ಕೂಡಿರುವ ಜಾಗ ಬಾಗಲಕೋಟೆ ಜಿಲ್ಲೆಯ ಬಾದಾಮಿ; ಸಿಡಿಲಫಡಿ ಅಲ್ಲಿಯ ಅಂಥದೊಂದು ಕಮಾನು. ಭೀಮೆಯೂ ಬಾದಾಮಿ ಸೀಮೆಯ ಮಲಪ್ರಭೆಯೂ ಕೊನೆಗೆ ಕೃಷ್ಣೆಯನ್ನೇ ಸೇರುವುದಾದರೂ, ಅವು ಹರಿಯುವ ಕಲ್ಲು ಬೇರೆ, ಆದ್ದರಿಂದ ಅವುಗಳ ದಂಡೆಯ ಊರುಗಳ ಚಹರೆಯೂ ಬೇರೆ.

ಬಾದಾಮಿಯ ಕೆಂಪು ಗುಡ್ಡಗಳು ಮರಳುಗಲ್ಲಿನವು. ಐವತ್ತು ಕೋಟಿ ವರ್ಷಗಳಿಗೂ ಬಹಳ ಹಿಂದೆ, ನೆಲದ ಮೇಲೆ ಹುಲ್ಲುಗಿಡಗಳಿಲ್ಲದ ಕಾಲದಲ್ಲಿ, ನೀರು ತಂದು ಹಾಸಿದ ಮರಳಿನ ಹರಳುಗಳು ಒಂದಕ್ಕೊಂದು ಬೆಸೆದು ಈ ಕಲ್ಲಾದವು. ಅದರಲ್ಲಿ ಸೇರಿರುವ ಕಬ್ಬಿಣದ ಅಂಶವೇ ಕೆಂಪು ಬಣ್ಣಕ್ಕೆ ಕಾರಣ. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬರೆದ ವರದಿ 1876ರಲ್ಲಿ ಪ್ರಕಟವಾಯಿತು, ಮತ್ತು ಈ ಶಿಲೆಗಳು ಕಲಾದಗಿ ಎಂಬ ಊರಿನ ಹೆಸರಿನಿಂದ ಭೂವಿಜ್ಞಾನದ ಪುಸ್ತಕಗಳಲ್ಲಿ ನೆಲೆನಿಂತಿವೆ. ಭಾರತದ ಹಳೆಯ ಶಿಲಾಯುಗದ ಆಯುಧವನ್ನು 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಮೊದಲು ಗುರುತಿಸಿದವರೂ ಇದೇ ಫೂಟ್ ಎಂಬುದು ಇಲ್ಲಿ ಅಪ್ರಸ್ತುತವಲ್ಲ. ಏಕೆಂದರೆ ಮಲಪ್ರಭೆಯ ಕಣಿವೆಯೂ ಶಿಲಾಯುಗದ ಕೈಗೊಡಲಿಗಳಿಗೆ ಹೆಸರಾದ ನೆಲ, ಮತ್ತು ಸಿಡಿಲಫಡಿಯ ಮಹತ್ವ ಬರವಣಿಗೆಗೆ ಮುಂಚಿನ ಅಂಥ ಜನರಿಂದಲೇ ಶುರುವಾಗುತ್ತದೆ.

ಸಿಡಿಲಫಡಿಯು ಬಾದಾಮಿಯಿಂದ ಸುಮಾರು 4 ಕಿ.ಮೀ. ದೂರದಲ್ಲಿ, ಕುರುಚಲು ಕಾಡಿನ ನಡುವೆ ಇದೆ; ಅಲ್ಲಿಗೆ ಕಾಲುದಾರಿಯಲ್ಲಿ ನಡೆದು ಹೋಗಬೇಕು. ಕುರುಚಲು ಕಾಡೆಂದರೆ ಮಲೆನಾಡಿನವರು ಕಾಡೆಂದು ಒಪ್ಪದಂತಹ, ಜಾಲಿ, ಬಾರಿ, ಕವಳಿ, ಬಂದರಿಕೆ, ಕಳ್ಳಿಗಳಂಥ ಮುಳ್ಳುಗಿಡ ಮತ್ತು ಪೊದೆಗಳ ಒಣಭೂಮಿಯ ಕಾಡು. ಮಳೆಗಾಲ ಮುಗಿದ ಕೆಲವು ತಿಂಗಳು ಹಸಿರಾಗಿದ್ದು, ಶಿವರಾತ್ರಿ ಕಳೆದ ಮೇಲೆ ಬೂದಿಬಣ್ಣಕ್ಕೆ ತಿರುಗುವ ಈ ಕಾಡಿನಲ್ಲಿ ನೆರಳು ಕಡಿಮೆ. ಬಿಸಿಲಿಗೆ ಕಾದ ಬಂಡೆಯ ಶಾಖ ಕೆಳಗಿನಿಂದಲೂ ಹೊಡೆಯುವುದರಿಂದ, ಬೆಳಗಿನ ಹೊತ್ತು ನೀರನ್ನು ಕಟ್ಟಿಕೊಂಡು ಹೊರಡುವುದೇ ಸರಿ. ಗುಡ್ಡದ ನೆತ್ತಿಯನ್ನು ಮುಟ್ಟಿದ ಮೇಲೆ ಬರಿಯ ಬಂಡೆಯ ಹಾಸು ಸಿಗುತ್ತದೆ. ಅದರಲ್ಲಿ ಓರೆಯಾಗಿ ಎಳೆದ ಗೆರೆಗಳಂತೆ ಕಾಣುವವು ಹಿಂದಿನ ಹೊಳೆಗಳು ಮರಳನ್ನು ಯಾವ ದಿಕ್ಕಿಗೆ ತಳ್ಳಿದವು ಎಂಬುದರ ಗುರುತುಗಳು. ಬಂಡೆಯನ್ನು ನೇರವಾಗಿ ಸೀಳಿಕೊಂಡು ಹೋಗಿರುವ ಬಿರುಕುಗಳನ್ನು ನೋಡಿಕೊಂಡರೆ ಮುಂದೆ ಸಿಗುವ ಕಮಾನಿನ ಹುಟ್ಟು ಅರ್ಧ ತಿಳಿದಂತೆಯೇ.

ಕಮಾನು ಎರಡು ದೊಡ್ಡ ಮರಳುಗಲ್ಲಿನ ಬಂಡೆಗಳ ನಡುವೆ ಸೇತುವೆಯಂತೆ ಚಾಚಿಕೊಂಡಿದೆ. ಅದರ ಮೈಯಲ್ಲಿ ಅಗಲವಾದ ಹಲವು ಕಿಂಡಿಗಳಿದ್ದು, ಅವುಗಳ ಮೂಲಕ ಬೆಳಕು ಒಳಗಿನ ತೆರವಿಗೆ ಇಳಿಯುತ್ತದೆ. ಬಂಡೆಯಡಿಯ ಇಂತಹ ತೆರವಿಗೆ ಈ ಸೀಮೆಯಲ್ಲಿ ಪಡಿ ಅಥವಾ ಫಡಿ ಎನ್ನುತ್ತಾರೆ. ಐಹೊಳೆಯ ರಾವಣಫಡಿ ಎಂಬ ಗುಹಾಲಯದ ಹೆಸರಿನಲ್ಲಿರುವುದೂ ಅದೇ. ಸಿಡಿಲು ಬಡಿದು ಬಂಡೆಗೆ ತೂತುಗಳಾದವು ಎಂದು ಸ್ಥಳೀಯರು ಹೇಳುತ್ತಾರೆ. ಭೂವಿಜ್ಞಾನದ ವಿವರಣೆ ಇದಕ್ಕಿಂತ ನಿಧಾನದ್ದು: ಬಿರುಕುಗಳಲ್ಲಿ ಇಳಿದ ನೀರು ಹರಳುಗಳ ಬೆಸುಗೆಯನ್ನು ಸಡಿಲಗೊಳಿಸುತ್ತದೆ, ಮೆದು ಪದರ ಮೊದಲು ಉದುರುತ್ತದೆ, ಆಸರೆ ತಪ್ಪಿದ ಕಲ್ಲು ಚೂರುಚೂರಾಗಿ ಕಳಚಿ ಬೀಳುತ್ತದೆ, ಮತ್ತು ತನ್ನ ಭಾರವನ್ನು ಎರಡೂ ಬದಿಗೆ ಹಂಚಿಕೊಳ್ಳಬಲ್ಲ ಭಾಗ ಮಾತ್ರ ಉಳಿಯುತ್ತದೆ. ಹರಿಯುವ ತೊರೆ ಕೊರೆದು ಮಾಡಿದ್ದನ್ನು ನೈಸರ್ಗಿಕ ಸೇತುವೆ ಎಂದೂ, ಹೀಗೆ ಸವೆತದಿಂದ ಆದದ್ದನ್ನು ಕಮಾನು ಎಂದೂ ವಿಂಗಡಿಸುವ ರೂಢಿಯಿದೆ. ಆದರೆ ಬರವಣಿಗೆಯಲ್ಲಿ ಸಿಡಿಲಫಡಿಗೆ ಎರಡೂ ಹೆಸರುಗಳು ಬಳಕೆಯಾಗಿವೆ.

ನೆರಳು, ಬೆಳಕು ಮತ್ತು ಮಳೆಯಿಂದ ಮರೆ ಈ ಮೂರೂ ಒಂದೆಡೆ ದೊರೆತ ಈ ತಾಣವನ್ನು ಪ್ರಾಗೈತಿಹಾಸಿಕ ಜನರು, ಎಂದರೆ ಬರವಣಿಗೆ ಹುಟ್ಟುವ ಮುಂಚಿನವರು, ತಂಗುದಾಣ ಮಾಡಿಕೊಂಡಿದ್ದರು. ಸಿಡಿಲಫಡಿಯೂ ಸೇರಿದಂತೆ ಬಾದಾಮಿಯ ಸುತ್ತಿನ ಗುಡ್ಡಗಳಲ್ಲಿ ಬಂಡೆಯ ಮೇಲೆ ಬಿಡಿಸಿದ ಚಿತ್ರಗಳು ಉಳಿದಿವೆ. ಅವುಗಳಲ್ಲಿ ಮನುಷ್ಯರೂ ಪ್ರಾಣಿಗಳೂ ಬೇಟೆಯೂ ಇವೆ. ಬಾದಾಮಿಯ ಚರಿತ್ರೆಯನ್ನು ಚಾಲುಕ್ಯರ ಮೊದಲನೆಯ ಪುಲಕೇಶಿಯಿಂದ ಆರಂಭಿಸುವುದು ವಾಡಿಕೆ. ಶಕ 465ರ, ಎಂದರೆ ಕ್ರಿ.ಶ. 543ರ ಅವನ ಬಂಡೆಶಾಸನವು ವಾತಾಪಿಯ, ಎಂದರೆ ಬಾದಾಮಿಯ, ಗುಡ್ಡವನ್ನು ಮೇಲಿನಿಂದಲೂ ಕೆಳಗಿನಿಂದಲೂ ಭೇದಿಸಲಾಗದ ಕೋಟೆಯಾಗಿ ಮಾಡಿದ್ದನ್ನು ತಿಳಿಸುತ್ತದೆ. ಬಾದಾಮಿಯ ಗುಹಾಲಯಗಳಲ್ಲಿ ಮೂರನೆಯದರಲ್ಲಿರುವ, ಅದೇ ವಂಶದ ಮಂಗಳೇಶನ ಶಾಸನ 578ರದು. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಊರನ್ನು ವಶಪಡಿಸಿಕೊಂಡ. ಇವೆಲ್ಲ ರಾಜರ ಲೆಕ್ಕ. ಗುಡ್ಡದ ಲೆಕ್ಕದಲ್ಲಿ ನೋಡಿದರೆ, ಕಲ್ಲಿನೊಳಗೆ ಮನುಷ್ಯ ವಾಸ ಹೂಡುವುದು ಚಾಲುಕ್ಯರಿಗಿಂತ ಎಷ್ಟೋ ಹಿಂದೆಯೇ ಆಗಿಹೋಗಿತ್ತು. ನಿಸರ್ಗ ತೆರೆದ ಫಡಿಯನ್ನು ಮೊದಲಿನವರು ಇದ್ದಂತೆಯೇ ಬಳಸಿದರು, ಚಾಲುಕ್ಯರ ಶಿಲ್ಪಿಗಳು ಅದೇ ಜಾತಿಯ ಕಲ್ಲನ್ನು ಉಳಿಯಿಂದ ಕೊರೆದು ಕಂಬ, ಮಂಟಪ ಮತ್ತು ಗರ್ಭಗೃಹವನ್ನು ತೆಗೆದರು. ಗುಹಾಲಯಗಳನ್ನು ನೋಡಿದವರು ಸಿಡಿಲಫಡಿಯನ್ನು ಬಿಟ್ಟು ಮರಳಿದರೆ ಪುಸ್ತಕದ ಮೊದಲ ಅಧ್ಯಾಯ ತಪ್ಪಿದಂತಾಗುತ್ತದೆ.

ಪುಷ್ಯಮಾಸದ ಬನಶಂಕರಿ ಜಾತ್ರೆಗೆ ಉತ್ತರ ಕರ್ನಾಟಕದ ನಾನಾ ಕಡೆಗಳಿಂದ ಜನ ಬಾದಾಮಿಯ ಸಮೀಪಕ್ಕೆ ಬಂದು ಸೇರುತ್ತಾರೆ, ಮತ್ತು ಸಿಡಿಲಫಡಿಗೆ ನಡೆಯುವುದಕ್ಕೆ ಹವೆ ಹಿತವಾಗಿರುವುದೂ ಆಗಲೇ. ಆದರೂ ಇಂಥ ಕಮಾನುಗಳಲ್ಲಿ ಹೆಚ್ಚು ಹೆಸರಾದದ್ದು ಬೇರೊಂದು. ತಿರುಮಲದ ಬೆಟ್ಟದ ಮೇಲಿರುವ ಶಿಲಾತೋರಣ, ಎಂದರೆ ಸುಮಾರು 8 ಮೀಟರ್ ಅಗಲ ಮತ್ತು 3 ಮೀಟರ್ ಎತ್ತರದ ನೈಸರ್ಗಿಕ ಕಮಾನು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದಾಗಿದ್ದು ಯಾತ್ರಿಕರೆಲ್ಲರಿಗೂ ಪರಿಚಿತವಾಗಿದೆ. ಕರ್ನಾಟಕದಿಂದ ಆ ಪಟ್ಟಿಯನ್ನು ಸೇರಿದವುಗಳಲ್ಲಿ ಮಲ್ಪೆ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳೂ ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇವೆ. ಕಮಾನೂ ಆಗಿ, ಚಿತ್ರಗಳ ನೆಲೆಯೂ ಆಗಿರುವ ಸಿಡಿಲಫಡಿಗೆ ಅಲ್ಲಿ ಜಾಗ ಕೇಳುವ ಹಕ್ಕು ಇವಕ್ಕಿಂತ ಕಡಿಮೆಯದಲ್ಲ. ಆದರೆ ಪಟ್ಟಿಗೆ ಸೇರಿಸುವ ಮೊದಲು ಚಿತ್ರಗಳಿರುವ ಬಂಡೆಯ ಮೈಗೆ ಕೈಯೂ ಸುಣ್ಣವೂ ಹೆಸರು ಕೆತ್ತುವ ಮೊಳೆಯೂ ತಾಗದಂತೆ ಏರ್ಪಾಡು ಆಗಬೇಕು, ಏಕೆಂದರೆ ದಾರಿ ಸುಲಭವಾದಷ್ಟೂ ಅವುಗಳಿಗೆ ಅಪಾಯ ಹೆಚ್ಚು.