ಬಳಕೆಯಲ್ಲಿರುವ ಕಡತಗಳ ಅಳಿಸುವಿಕೆ

ಬಳಕೆಯಲ್ಲಿರುವ ಕಡತಗಳ ಅಳಿಸುವಿಕೆ ಎಂಬುದು, ಒಂದು ಪ್ರೋಗ್ರಾಂ ತೆರೆದುಕೊಂಡಿರುವ ಕಡತವನ್ನು ಅಳಿಸಲು ಆದೇಶ ಬಂದಾಗ ಗಣಕದ ಕಾರ್ಯಾಚರಣಾ ವ್ಯವಸ್ಥೆಯು ಅದನ್ನು ನಿರ್ವಹಿಸುವ ವಿಧಾನವಾಗಿದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು ಕಡತದ ಹೆಸರನ್ನು ಕೂಡಲೇ ತೆಗೆದುಹಾಕಿ, ದತ್ತಾಂಶವನ್ನು ಬಳಕೆ ಮುಗಿಯುವವರೆಗೆ ಉಳಿಸಿಕೊಳ್ಳುತ್ತವೆ. ವಿಂಡೋಸ್ ಸಾಮಾನ್ಯವಾಗಿ ಅಳಿಸಲು ಅನುಮತಿಯನ್ನೇ ನೀಡುವುದಿಲ್ಲ.

ಯುನಿಕ್ಸ್ ಮತ್ತು ಲಿನಕ್ಸ್

ಈ ವ್ಯವಸ್ಥೆಗಳಲ್ಲಿ ಕಡತದ ಗಾತ್ರ, ಅನುಮತಿಗಳು ಹಾಗೂ ದತ್ತಾಂಶವಿರುವ ಸ್ಥಳದ ವಿವರಗಳು ಐನೋಡ್ ಎಂಬ ರಚನೆಯಲ್ಲಿರುತ್ತವೆ. ಡೈರೆಕ್ಟರಿಯಲ್ಲಿರುವುದು ಹೆಸರು ಮತ್ತು ಐನೋಡ್ ಸಂಖ್ಯೆ ಮಾತ್ರ. ಅಳಿಸುವ ಆದೇಶವು ಈ ಹೆಸರಿನ ಕೊಂಡಿಯನ್ನಷ್ಟೇ ಕಡಿಯುತ್ತದೆ. ಎಲ್ಲ ಕೊಂಡಿಗಳೂ ಇಲ್ಲವಾಗಿ, ಕಡತವನ್ನು ತೆರೆದಿರುವ ಕೊನೆಯ ಪ್ರೋಗ್ರಾಂ ಕೂಡ ಅದನ್ನು ಮುಚ್ಚಿದ ನಂತರವೇ ಕರ್ನಲ್ ಡಿಸ್ಕಿನ ಸ್ಥಳವನ್ನು ಬಿಡುಗಡೆ ಮಾಡುತ್ತದೆ. ಆದ್ದರಿಂದ ಚಾಲನೆಯಲ್ಲಿರುವ ಪ್ರೋಗ್ರಾಂನ ಕಡತವನ್ನೇ ಅಳಿಸಿದರೂ ಅದು ನಿಲ್ಲದೆ ಮುಂದುವರಿಯುತ್ತದೆ.

ವಿಂಡೋಸ್

ವಿಂಡೋಸ್‌ನಲ್ಲಿ ಕಡತವನ್ನು ತೆರೆಯುವ ಪ್ರೋಗ್ರಾಂ, ಇತರರು ಅದನ್ನು ಓದಬಹುದೇ, ಬರೆಯಬಹುದೇ, ಅಳಿಸಬಹುದೇ ಎಂಬುದನ್ನು ಮೊದಲೇ ಸೂಚಿಸುತ್ತದೆ. ಅಳಿಸಲು ಅವಕಾಶ ನೀಡದಿದ್ದರೆ ಕಡತವು ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತದೆ. ಚಾಲನೆಯಲ್ಲಿರುವ ಪ್ರೋಗ್ರಾಂನ ಕಡತವನ್ನು ಸಾಮಾನ್ಯವಾಗಿ ಅಳಿಸಲಾಗದು, ಆದರೆ ಅದರ ಹೆಸರನ್ನು ಬದಲಿಸಬಹುದು. ಇಂತಹ ಕಡತಗಳನ್ನು ಬದಲಾಯಿಸಬೇಕಾದ ಅನುಸ್ಥಾಪಕಗಳು ಆ ಕೆಲಸವನ್ನು ರಿಜಿಸ್ಟ್ರಿಯಲ್ಲಿ ದಾಖಲಿಸುತ್ತವೆ. ಗಣಕವು ಮತ್ತೆ ಆರಂಭವಾಗುವಾಗ ಅದು ನೆರವೇರುತ್ತದೆ. ಕೆಲವು ನವೀಕರಣಗಳ ನಂತರ ಗಣಕವನ್ನು ಮರುಆರಂಭಿಸಬೇಕಾಗುವುದಕ್ಕೆ ಇದೂ ಒಂದು ಕಾರಣ.

ಪರಿಣಾಮಗಳು

ಯುನಿಕ್ಸ್ ವಿಧಾನದಲ್ಲಿ ದೊಡ್ಡ ಲಾಗ್ ಕಡತವನ್ನು ಅಳಿಸಿದರೂ, ಅದಕ್ಕೆ ಬರೆಯುತ್ತಿರುವ ಸೇವೆಯು ನಡೆಯುತ್ತಿರುವವರೆಗೆ ಡಿಸ್ಕ್ ತುಂಬಿಯೇ ಇರಬಹುದು. ಆಗ ಡಿಎಫ್ ಮತ್ತು ಡಿಯು ಆದೇಶಗಳು ತೋರಿಸುವ ಲೆಕ್ಕಗಳು ಹೊಂದುವುದಿಲ್ಲ. ಹೆಸರಿಲ್ಲದೆ ಉಳಿದ ಇಂತಹ ಕಡತಗಳನ್ನು ಎಲ್‌ಎಸ್‌ಒಎಫ್ ಆದೇಶದಿಂದ ಪತ್ತೆಹಚ್ಚಬಹುದು. ತಪ್ಪಿ ಅಳಿಸಿದ ಕಡತವು ಇನ್ನೂ ತೆರೆದಿದ್ದರೆ, ಲಿನಕ್ಸ್‌ನಲ್ಲಿ ಪ್ರಾಕ್ ಕಡತ ವ್ಯವಸ್ಥೆಯ ಮೂಲಕ ಅದನ್ನು ನಕಲಿಸಿಕೊಳ್ಳಲು ಸಾಧ್ಯವಿದೆ.

ಭದ್ರತೆಯ ದೃಷ್ಟಿಯಿಂದಲೂ ಈ ವಿಷಯ ಮಹತ್ವದ್ದಾಗಿದೆ. ನವೀಕರಣವು ಹಳೆಯ ಲೈಬ್ರರಿಯನ್ನು ತೆಗೆದು ಹೊಸದನ್ನು ಇರಿಸಿದರೂ, ಅದಕ್ಕೆ ಮೊದಲೇ ಆರಂಭವಾದ ಸೇವೆಗಳು ಹಳೆಯ ಪ್ರತಿಯನ್ನೇ ಬಳಸುತ್ತಿರುತ್ತವೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷವು ಬಹಿರಂಗವಾದಾಗ, ಲೈಬ್ರರಿಯನ್ನು ನವೀಕರಿಸಿದರಷ್ಟೇ ಸಾಲದೆ, ಅದನ್ನು ಬಳಸುತ್ತಿದ್ದ ಸೇವೆಗಳನ್ನೂ ಮರುಆರಂಭಿಸಬೇಕಾಗಿತ್ತು. ಮರುಆರಂಭಿಸದ ಸೇವೆಗಳಲ್ಲಿ ದೋಷವು ಹಾಗೆಯೇ ಉಳಿಯುತ್ತಿತ್ತು.