ಕಿಲುಬು ಹಿಡಿದ ಗಣಕಯಂತ್ರವೂ ನಮ್ಮ ಅಕ್ಷರಸಂಪತ್ತೂ

ತಾಮ್ರಕ್ಕೆ ಕಿಲುಬು ಹತ್ತುವುದು ನಮ್ಮ ಕರಾವಳಿಯ ಮನೆಗಳಿಗೆ ಹೊಸ ಸಂಗತಿಯಲ್ಲ. ಮಳೆಗಾಲವಿಡೀ ಮೂಲೆಯಲ್ಲಿ ಬಿದ್ದ ಹಂಡೆಯನ್ನು ಹುಣಸೆಹುಳಿಯಿಂದಲೋ ಬಿಂಬುಳಿಯಿಂದಲೋ ತಿಕ್ಕಿ ಬೆಳಗುವ ವಿದ್ಯೆ ನಮ್ಮ ತಾಯಂದಿರಿಗೆ ಪರಂಪರೆಯಿಂದ ಬಂದುದು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (೧೮೮೩–೧೯೬೩) ಶಾಸನಾದಿಗಳ ಆಧಾರದಿಂದ ನಾಡಿನ ಕಾಲನಿರ್ಣಯಕ್ಕಾಗಿ ಶ್ರಮಿಸಿದುದನ್ನು ವಾಚಕರು ಬಲ್ಲರು. ತಾಮ್ರಪಟದ ಕಿಲುಬು ನೀಗದ ಹೊರತು ಅಕ್ಷರವು ಕಾಣಿಸದು. ಅಕ್ಷರ ಕಾಣದಿದ್ದಲ್ಲಿ ಚರಿತ್ರೆಯೂ ಇಲ್ಲ. ಅದೇ ಕಿಲುಬು ಇಂದು ಇನ್ನೊಂದು ಬಗೆಯ ತಾಮ್ರವನ್ನು, ಹಳೆಯ ಗಣಕಯಂತ್ರಗಳೊಳಗಿನ ತಾಮ್ರದ ಎಳೆಗಳನ್ನು, ತಿನ್ನುತ್ತಲಿದೆ.

ಕಾಸರಗೋಡು ಜಿಲ್ಲೆಯು ರೂಪುಗೊಂಡುದು ೧೯೮೪ರ ಮೇ ೨೪ರಂದು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು 'ಪಿಸಿ ಎಟಿ' ಎಂಬ ಗಣಕಯಂತ್ರವನ್ನು ಹೊರತಂದಿತು. ಅದರೊಳಗೆ ೬೪ ಬೈಟುಗಳ ಸ್ಮೃತಿಯುಳ್ಳ ಗಡಿಯಾರದ ಬಿಲ್ಲೆಯೊಂದಿತ್ತು. ಕಾಲವನ್ನು ತೋರಿಸುವುದಕ್ಕೆ ೧೪ ಬೈಟುಗಳು. ಉಳಿದ ೫೦ರಲ್ಲಿ ಯಂತ್ರಕ್ಕೆ ಜೋಡಿಸಿದ ಹಾರ್ಡ್‌ಡಿಸ್ಕಿನ ಬಗೆ ಮೊದಲಾದ ವಿವರಗಳು. ಯಂತ್ರವನ್ನು ಆರಿಸಿದ ಮೇಲೂ ಈ ನೆನಪು ಅಳಿಯದಂತೆ ಕಾಯುವ ಹೊಣೆ ಒಂದು ಸಣ್ಣ ಬ್ಯಾಟರಿಯದು. ಇದೇ ಮಾದರಿಯನ್ನು ಅನುಸರಿಸಿ ಅನಂತರ ಬಂದ ಅನೇಕ ಯಂತ್ರಗಳಲ್ಲಿ ೩.೬ ವೋಲ್ಟಿನ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಮದರ್‌ಬೋರ್ಡಿಗೇ ಬೆಸೆದುಬಿಟ್ಟರು. ಈ ಬಗೆಯ ವಿದ್ಯುತ್ಕೋಶವನ್ನು ೧೮೯೯ರಲ್ಲಿ ನಿರ್ಮಿಸಿದವನು ಸ್ವೀಡನಿನ ವಾಲ್ಡೆಮರ್ ಯುಂಗ್ನರ್. ಅದರ ಉದರದಲ್ಲಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡೆಂಬ ತೀಕ್ಷ್ಣ ಕ್ಷಾರ. ವರ್ಷಗಳು ಕಳೆದಂತೆ ಅದು ಒಸರಿ, ಬಿಳಿಯ ಹರಳುಗಳಾಗಿ, ತಾಮ್ರದೊಡನೆ ಸೇರಿ ನೀಲಿ-ಹಸುರು ಕಿಲುಬಾಗುತ್ತದೆ.

ಇದರಿಂದ ಕನ್ನಡಕ್ಕೇನು ನಷ್ಟವೆಂದು ಕೆಲವರು ಕೇಳಬಹುದು. ನಮ್ಮ ನೆರೆಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಕನ್ನಡಕ್ಕೆ ಧ್ವನ್ಯನುಸಾರಿಯಾದ ಕೀಲಿಮಣೆಯನ್ನು ರಚಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ೧೯೯೧ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೂ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಷ್ಟರವರೆಗೆ ಒಂದೊಂದು ತಂತ್ರಾಂಶಕ್ಕೂ ಅದರದೇ ಅಕ್ಷರಸಂಕೇತ. ಆ ತಂತ್ರಾಂಶವೂ ಅಕ್ಷರಶೈಲಿಯೂ ಇಲ್ಲದಲ್ಲಿ ಬರೆಹವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವುದು. ಆದುದರಿಂದಲೇ ಹಳೆಯ ಯಂತ್ರವು ಒಮ್ಮೆಯಾದರೂ ಎದ್ದು ನಿಲ್ಲುವುದು ಅವಶ್ಯ.

ಶುದ್ಧಿಯ ಕ್ರಮ ಕಠಿನವಲ್ಲ, ಆದರೆ ತಾಳ್ಮೆ ಬೇಕು. ಮೊದಲು ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ಹಾರ್ಡ್‌ಡಿಸ್ಕನ್ನು ಬೇರ್ಪಡಿಸಿ ತೆಗೆದಿರಿಸಬೇಕು; ಬೋರ್ಡು ಕೆಟ್ಟಿತೆಂದ ಮಾತ್ರಕ್ಕೆ ಡಿಸ್ಕಿನ ಬರೆಹ ಕೆಟ್ಟಿತೆಂದಲ್ಲ. ಡಿಸ್ಕಿನ ಮೈಮೇಲೆ ಅಂಟಿಸಿದ ಚೀಟಿಯ ಅಂಕೆಗಳನ್ನೂ ಬರೆದಿಟ್ಟುಕೊಳ್ಳಬೇಕು, ನೆನಪಳಿದ ಯಂತ್ರಕ್ಕೆ ಅವನ್ನು ಮತ್ತೆ ತಿಳಿಸಬೇಕಾದೀತು. ಕೈಗವಸು, ಕನ್ನಡಕ, ಮುಖವಸ್ತ್ರ ಧರಿಸಿಯೇ ಬ್ಯಾಟರಿಯನ್ನು ಕತ್ತರಿಸಿ ತೆಗೆಯಬೇಕು. ಕ್ಯಾಡ್ಮಿಯಂ ವಿಷವಾದುದರಿಂದ ಅದನ್ನು ತೆಂಗಿನ ಬುಡಕ್ಕೆ ಎಸೆಯುವುದಾಗಲಿ ಸುಡುವುದಾಗಲಿ ಸಲ್ಲದು. ಒಣಹರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ, ಕ್ಷಾರವನ್ನು ಶಮನಗೊಳಿಸಲು ತೆಳ್ಳಗಿನ ಬಿಳಿಯ ವಿನೆಗರನ್ನು ಹತ್ತಿಯಿಂದ ಹಚ್ಚಬೇಕು. ನೊರೆ ನಿಲ್ಲುವವರೆಗೆ ಇದೇ ಕಾರ್ಯ. ಕಾರಿನ ಬ್ಯಾಟರಿಯಲ್ಲಿರುವುದು ಗಂಧಕಾಮ್ಲ; ಅಲ್ಲಿ ಅಡುಗೆ ಸೋಡಾ ಯುಕ್ತ, ಇಲ್ಲಿ ಅಲ್ಲ. ಇಲ್ಲಿಯೂ ಹುಳಿಯೇ ಮದ್ದಾದರೂ ಹುಣಸೆಯ ರಸವು ಅಂಟನ್ನುಳಿಸುವುದರಿಂದ ವರ್ಜ್ಯ. ಬಳಿಕ ಬಟ್ಟಿಯಿಳಿಸಿದ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನಮ್ಮ ಆರ್ದ್ರ ಹವೆಯಲ್ಲಿ ಒಂದೆರಡು ದಿನವಾದರೂ ಒಣಗಿಸಬೇಕು. ಕೊನೆಗೆ ಮಲ್ಟಿಮೀಟರಿನಿಂದ ಪರೀಕ್ಷಿಸಿ, ಕಡಿದುಹೋದ ಎಳೆಗೆ ಸಣ್ಣ ತಂತಿಯನ್ನು ಬೆಸೆಯಬೇಕು. ಹೊಸ ಬ್ಯಾಟರಿಯನ್ನು ಉದ್ದದ ತಂತಿಯಿಂದ ಬೋರ್ಡಿನಾಚೆ ಇರಿಸುವುದು ಕ್ಷೇಮ. ನಾಣ್ಯಾಕಾರದ ಲಿಥಿಯಂ ಕೋಶವನ್ನು ಹಾಕುವುದಾದರೆ, ಅದಕ್ಕೆ ಮರಳಿ ವಿದ್ಯುತ್ತು ಹರಿಯದಂತೆ ಡಯೋಡೊಂದನ್ನು ಸೇರಿಸಲೇಬೇಕು.

೧೯೫೬ರ ನವೆಂಬರ್ ೧ರಿಂದ ಈ ನೆಲವು ಕೇರಳದಲ್ಲಿದೆ. ಅಂದಿನಿಂದ ಇಲ್ಲಿಯ ಕನ್ನಡದ ದಾಖಲೆಯನ್ನು ಕಾಯುವ ಭಾರ ಬಹುಮಟ್ಟಿಗೆ ನಮ್ಮ ಶಾಲೆ, ಸಂಘ, ಮನೆಗಳ ಮೇಲೆಯೇ ಬಿದ್ದಿದೆ. ಅಚ್ಚಿನ ಮೊಳೆಯ ಕಾಲದಲ್ಲಿ ಹಸ್ತಪ್ರತಿಯಾದರೂ ಉಳಿಯುವ ಸಂಭವವಿತ್ತು. ನೇರವಾಗಿ ಗಣಕದಲ್ಲಿ ಬರೆದ ಠರಾವು, ಮನವಿ, ಕವಿತೆಗಳಿಗೆ ಆ ಆಸರೆಯೂ ಇಲ್ಲ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿರಿ. ಬರೆಹ ಸಿಕ್ಕಿದರೆ ಯೂನಿಕೋಡಿಗೆ ಮಾರ್ಪಡಿಸಿ, ಎರಡು ಕಡೆ ಪ್ರತಿಯಿರಿಸಿ, ಕಾಗದದ ಮೇಲೂ ಒಂದನ್ನು ಮುದ್ರಿಸಿರಿ. ಹಂಡೆಯ ಕಿಲುಬನ್ನು ನಾಳೆ ತೊಳೆದರೂ ನಡೆದೀತು. ಕಿಲುಬು ತಿಂದ ಅಕ್ಷರ ನಾಳೆಯವರೆಗೆ ಕಾಯದು.