ಯುದ್ಧದ ಬಿಟ್ಟಿಯೂ ಸಂಧಿಯ ಲೆಕ್ಕವೂ

ಅಫಜಲಪುರ ತಾಲ್ಲೂಕಿನ ಕರಜಗಿಯ ಸೀಮೆಯ ಕಡೆಯಿಂದ ಹರಿದುಬರುವ ಭೀಮಾನದಿಯು ಕಲಬುರ್ಗಿಯ ದಕ್ಷಿಣಕ್ಕೆ ಬಾಗುವೆಡೆಯಲ್ಲಿ ಫಿರೋಜಾಬಾದೆಂಬ ಹಾಳುಪಟ್ಟಣವಿದೆ. ಬಹಮನೀ ಸುಲ್ತಾನ ಫಿರೋಜಶಾಹನು (1397–1422) ಕಟ್ಟಿಸಿದ ಆ ಕೋಟೆಯನ್ನು ಕಂಡವರಿಗೆ, ಇಷ್ಟು ಕಲ್ಲನ್ನು ಹೊತ್ತವರಾರು, ಅವರಿಗೆ ಕೂಲಿ ಸಂದಿತೆ, ಎಂಬ ಪ್ರಶ್ನೆ ಸಹಜವಾಗಿ ಹುಟ್ಟುವುದು. ಕಲ್ಲು ಉತ್ತರ ಕೊಡದು. ಆದರೆ ಅದೇ ಸುಲ್ತಾನನು ನೆರೆರಾಜ್ಯವಾದ ವಿಜಯನಗರದೊಡನೆ ಮಾಡಿಕೊಂಡ ಸಂಧಿಗಳ ವೃತ್ತಾಂತ ನಮಗೆ ಉಳಿದುಬಂದಿದೆ. ಯುದ್ಧಕಾಲದ ಬಲವಂತದ ದುಡಿಮೆಗೆ ಪರಿಹಾರ ಯಾರು ಯಾರಿಗೆ ಕೊಡತಕ್ಕದ್ದೆಂದು ಜಪಾನಿಗೂ ದಕ್ಷಿಣ ಕೊರಿಯಕ್ಕೂ ಬಹುಕಾಲದಿಂದ ನಡೆದಿರುವ ವಾದವನ್ನು ನಮ್ಮ ಹಳೆಯ ಸಂಧಿಗಳ ಪಕ್ಕದಲ್ಲಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಕೂಲಿಯಿಲ್ಲದೆ ಅರಸನಿಗೆ ಸಲ್ಲಿಸಬೇಕಾದ ದುಡಿಮೆಗೆ ಕನ್ನಡದಲ್ಲಿ ‘ಬಿಟ್ಟಿ’ ಎಂದು ಹೆಸರು. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವು ಚತುರಂಗಬಲದ ಕೆಲಸಗಳೊಡನೆ ವಿಷ್ಟಿಯ ಕೆಲಸವನ್ನೂ ಹೇಳುತ್ತದೆ: ಪಾಳೆಯ, ದಾರಿ, ಸೇತುವೆ, ಬಾವಿಗಳನ್ನು ಅಣಿಗೊಳಿಸುವುದು, ಯಂತ್ರ, ಆಯುಧ, ಕವಚ, ಆಹಾರಗಳನ್ನು ಹೊರುವುದು, ರಣಭೂಮಿಯಿಂದ ಗಾಯಗೊಂಡವರನ್ನು ಸಾಗಿಸುವುದು. ಅಂದಮೇಲೆ ಬಿಟ್ಟಿಯಾಳಿಲ್ಲದೆ ದಂಡು ಹೊರಡುವಂತಿರಲಿಲ್ಲ. ಇಂದಿನ ಆಡುಮಾತಿನಲ್ಲಿ ಬಿಟ್ಟಿಯೆಂದರೆ ಪುಕ್ಕಟೆ ದೊರೆತದ್ದು. ಪಡೆದವನ ಅರ್ಥವು ಭಾಷೆಯಲ್ಲಿ ನಿಂತಿತು; ತೆತ್ತವನ ಅರ್ಥವು ಮರೆಯಾಯಿತು.

ಇನ್ನು ಸಂಧಿಗಳ ವಿಷಯ. 1399ರ ಸುಮಾರಿನ ದಂಡಯಾತ್ರೆಯಲ್ಲಿ ಸುಲ್ತಾನನ ಸೈನ್ಯವು ಅನೇಕ ಬ್ರಾಹ್ಮಣರನ್ನು ಸೆರೆಹಿಡಿದುದಾಗಿಯೂ, ಅವರ ಬಿಡುಗಡೆಗಾಗಿ ವಿಜಯನಗರವು ಹತ್ತು ಲಕ್ಷ ಹೊನ್ನನ್ನು ತೆತ್ತುದಾಗಿಯೂ ಫಿರಿಸ್ತೆಯು ಬರೆದಿದ್ದಾನೆ. ಅವನು ಎರಡು ಶತಮಾನಗಳ ತರುವಾಯ ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದವನು; ಆಗ ಆಳುತ್ತಿದ್ದವನು ಇಮ್ಮಡಿ ಹರಿಹರನಾಗಿರಲು ದೇವರಾಯನೆಂದು ಹೇಳುವನು. ಆದುದರಿಂದ ಅವನ ಅಂಕಿಗಳನ್ನು ತೂಗಿ ನೋಡಿಯೇ ಸ್ವೀಕರಿಸಬೇಕು. ಅಂಕಿ ಹೇಗಾದರಿರಲಿ, ಹಣ ಸಂದದ್ದು ಸೆರೆಹಿಡಿದವನಿಗೇ ಎಂಬುದು ಗಮನಾರ್ಹ. ಬಿಡಿಸಿಕೊಳ್ಳುವ ಬಂಧುಗಳೂ ಅರಸನ ಬಳಿ ಮಾತೂ ಇದ್ದವರು ಬಿಡುಗಡೆ ಹೊಂದಿದರು. ಇಲ್ಲದವರ ಮಾತನ್ನು ಇತಿಹಾಸಕಾರನು ಎತ್ತುವುದಿಲ್ಲ. 1406ರ ಸಂಧಿಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದನೆಯ ದೇವರಾಯನು ಒಪ್ಪಿಸಬೇಕಾಗಿದ್ದ ವಸ್ತುಗಳ ಪಟ್ಟಿಯಲ್ಲಿ ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆಗಳೊಡನೆ, ಹಾಡು ಕುಣಿತಗಳನ್ನು ಬಲ್ಲ ಎರಡು ಸಾವಿರ ದಾಸದಾಸಿಯರೂ ಸೇರಿದ್ದರೆಂದು ಅದೇ ಗ್ರಂಥಕಾರನ ಹೇಳಿಕೆ. ಇಲ್ಲಿ ಮನುಷ್ಯನಿಗೆ ಪರಿಹಾರವಿಲ್ಲ, ಮನುಷ್ಯನೇ ಪರಿಹಾರ.

ಮುಂದೆ 1784ರ ಮಾರ್ಚಿ 11ರಂದು ಟಿಪ್ಪುಸುಲ್ತಾನನಿಗೂ ಕುಂಪಣಿಗೂ ಆದ ಮಂಗಳೂರಿನ ಒಪ್ಪಂದದಲ್ಲಿ ಮೊದಲ ಸಲ ಬೇರೊಂದು ಧ್ವನಿ ಕೇಳಿಬರುವುದು. ಹೈದರನ ಕಾಲದಿಂದ ಕರ್ನಾಟಕ ಪಾಯಿನ್‌ಘಾಟಿನಿಂದ, ಅಂದರೆ ಆರ್ಕಾಟು ತಂಜಾವೂರುಗಳ ಸೀಮೆಯಿಂದ, ಒಯ್ಯಲ್ಪಟ್ಟ ಜನರಲ್ಲಿ ಹಿಂದಿರುಗಲು ಮನಸ್ಸುಳ್ಳವರು ಹೆಂಡಿರು ಮಕ್ಕಳೊಡನೆ ಹಿಂದಿರುಗಬಹುದೆಂದು ಅದು ವಿಧಿಸಿತು. ಒಯ್ಯಲ್ಪಟ್ಟವನಿಗೂ ಮನಸ್ಸೊಂದುಂಟೆಂದು ಸಂಧಿಪತ್ರವು ಒಪ್ಪಿದುದು ಸಣ್ಣ ಮಾತಲ್ಲ; ಆದರೆ ಕಳೆದ ವರ್ಷಗಳ ದುಡಿಮೆಗೆ ಕೂಲಿಯ ಪ್ರಸ್ತಾಪವಿಲ್ಲ. 1792ರ ಶ್ರೀರಂಗಪಟ್ಟಣದ ಸಂಧಿಯಲ್ಲಿ ಟಿಪ್ಪುವು 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಅದನ್ನು ಹಂಚಿಕೊಂಡವರು ಕುಂಪಣಿ, ಮರಾಠರು, ಮತ್ತು ಆಗ ಕಲಬುರ್ಗಿಯೂ ಯಾರ ಕೈಯಲ್ಲಿತ್ತೋ ಆ ನಿಜಾಮನು.

ಕೊರಿಯದ ಪ್ರಕರಣವು ಈ ಪರಂಪರೆಯನ್ನು ಮುರಿದುದರಿಂದಲೇ ಅಷ್ಟು ಕಠಿನವಾಗಿದೆ. 1910ರಿಂದ 1945ರವರೆಗೆ ಕೊರಿಯವು ಜಪಾನಿನ ಅಧೀನದಲ್ಲಿತ್ತು. ಯುದ್ಧದ ವರ್ಷಗಳಲ್ಲಿ ಅಲ್ಲಿಯ ಜನರನ್ನು ಜಪಾನಿನ ಗಣಿ ಕಾರ್ಖಾನೆಗಳಿಗೆ ಸಾಗಿಸಲಾಯಿತು. 1965ರ ಒಪ್ಪಂದದಂತೆ ಜಪಾನು 30 ಕೋಟಿ ಡಾಲರನ್ನು ದಾನವಾಗಿಯೂ 20 ಕೋಟಿಯನ್ನು ಸಾಲವಾಗಿಯೂ ಕೊಟ್ಟು, ಎಲ್ಲ ಹಕ್ಕುಗಳೂ ಪೂರ್ಣವಾಗಿ, ಕಡೆಯದಾಗಿ ತೀರಿದುವೆಂದಿತು. ಅದರ ಒಂದು ಪಾಲಿನಿಂದ ಪೋಹಾಂಗಿನಲ್ಲಿ ಉಕ್ಕಿನ ಕಾರ್ಖಾನೆ ಎದ್ದಿತು. 1975ರಿಂದ 1977ರವರೆಗೆ ಕೊರಿಯ ಸರಕಾರವು ಸತ್ತವರ ಕುಟುಂಬಗಳಿಗೆ ತಲಾ 3 ಲಕ್ಷ ವಾನ್ ಹಂಚಿತು. ಬದುಕಿ ಹಿಂದಿರುಗಿದವರಿಗೆ ಏನೂ ಸಿಗಲಿಲ್ಲ. ಇಲ್ಲಿಯವರೆಗೆ ಇದು 1792ರ ಕಥೆಯೇ.

ಆದರೆ 2018ರ ಅಕ್ಟೋಬರ್ 30ರಂದು ಕೊರಿಯದ ಪರಮೋಚ್ಚ ನ್ಯಾಯಾಲಯವು, ಅಕ್ರಮವಾದ ಪರಾಧೀನತೆಯಲ್ಲಿ ಬಲವಂತದಿಂದ ದುಡಿಸಿಕೊಂಡುದರ ನೋವಿನ ಪರಿಹಾರವು 1965ರ ಲೆಕ್ಕದಲ್ಲಿ ಸೇರಿಲ್ಲವೆಂದು ನಿರ್ಣಯಿಸಿ, ನಾಲ್ವರು ವಾದಿಗಳಿಗೆ ತಲಾ 10 ಕೋಟಿ ವಾನ್ ಕೊಡಬೇಕೆಂದು ಜಪಾನಿನ ನಿಪ್ಪಾನ್ ಉಕ್ಕಿನ ಕಂಪನಿಗೆ ಆಜ್ಞಾಪಿಸಿತು. ಆ ನಾಲ್ವರಲ್ಲಿ ತೀರ್ಪನ್ನು ಕೇಳಲು ಬದುಕಿದ್ದವರು ಒಬ್ಬರೇ. ಒಪ್ಪಂದವು ಮುರಿಯಿತೆಂದು ಜಪಾನು ಆಕ್ಷೇಪಿಸಿತು. ಸಂಧಿಯು ಸ್ಥಿರವಾಗಿರಬೇಕೆಂಬ ಅದರ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು; ಆದರೂ ತನ್ನ ಪರವಾಗಿ ಹಣ ಪಡೆದವರಿಂದ ತನಗೇನೂ ಬಾರದೆ ಹೋದವನ ಹಕ್ಕನ್ನು ಆ ಹಣವು ತೀರಿಸಿತೆನ್ನುವುದು ನಮಗೆ ಒಪ್ಪಿಗೆಯಾಗುವುದಿಲ್ಲ.

2023ರ ಮಾರ್ಚಿಯಲ್ಲಿ ಕೊರಿಯ ಸರಕಾರವು ತನ್ನದೇ ಪ್ರತಿಷ್ಠಾನದಿಂದ ಪರಿಹಾರ ಕೊಡಿಸುವುದಾಗಿ ಸಾರಿತು. ಅದಕ್ಕೆ 400 ಕೋಟಿ ವಾನ್ ನೀಡಿದುದು, 1965ರ ಹಣದಿಂದ ಎದ್ದ ಪೋಹಾಂಗಿನ ಆ ಉಕ್ಕಿನ ಸಂಸ್ಥೆಯೇ. ಇಂತಹ ತೀರ್ಪುಗಳನ್ನು ಪಡೆದು ಆಗ ಜೀವಿಸಿದ್ದ ಮೂವರು ವೃದ್ಧರು, ದುಡಿಸಿಕೊಂಡವರು ಕೊಡದ ಹಣ ತಮಗೆ ಬೇಡವೆಂದು ಮೊದಲು ನಿರಾಕರಿಸಿದರು.